ಗುಡ್ಡ ಜರಿಯುವ ಮುನ್ನ ಊರು ಸಜ್ಜಾಗುವುದು: ಮಲೆನಾಡು, ಕೊಡಗು, ಕರಾವಳಿಯ ಹಳ್ಳಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಸಮಿತಿ ಇದೆ, ಪಟ್ಟಿ ಇದೆ, ಪಂಚಾಯಿತಿ ಗೋಡೆಯ ಮೇಲೆ ಫೋನ್ ನಂಬರುಗಳೂ ಇವೆ. ಆದರೂ ರಾತ್ರಿ ಹನ್ನೊಂದಕ್ಕೆ ಹಿತ್ತಿಲ ಬರೆಯಿಂದ, ಅಂದರೆ ನೆಟ್ಟಗೆ ಕಡಿದ ಗುಡ್ಡದ ಮಗ್ಗುಲಿಂದ, ಮಣ್ಣು ಉದುರತೊಡಗಿದಾಗ ಮನೆಯವರು ಪಕ್ಕದವರನ್ನು ಕೇಳುತ್ತಾರೆ, ಪಕ್ಕದವರು ಪಂಚಾಯಿತಿ ಸದಸ್ಯರಿಗೆ ಫೋನ್ ಮಾಡುತ್ತಾರೆ, ಸದಸ್ಯರಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಕೊನೆಗೆ "ಬೆಳಗಾಗಲಿ, ನೋಡುವ" ಎಂದು ಎಲ್ಲರೂ ಮಲಗುತ್ತಾರೆ. ಊರೂರಲ್ಲಿ ಎಡವುತ್ತಿರುವುದು ಇಲ್ಲಿಯೇ. ಯಾವಾಗ ಮನೆ ಬಿಡಬೇಕು ಎಂಬ ತೀರ್ಮಾನ ಮೇ ತಿಂಗಳ ಬಿಸಿಲಲ್ಲೇ ಆಗಿ, ಕಾಗದದ ಮೇಲೆ ಇರಬೇಕು. ಮಳೆಯ ನಡುವೆ, ಕತ್ತಲಲ್ಲಿ ಅದನ್ನು ಚರ್ಚಿಸಲು ಆಗದು. ಕೆಳಗಿನ ಹಂತಗಳೆಲ್ಲ ಆ ಒಂದು ತೀರ್ಮಾನಕ್ಕಾಗಿ ನಡೆಯುವ ಕೆಲಸ.

ಬಯಲುಸೀಮೆಯ ಹೊಳೆ ಉಕ್ಕುವುದಕ್ಕೆ ಈ ಕ್ರಮ ಹೊಂದುವುದಿಲ್ಲ. ಅಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಅಣೆಕಟ್ಟಿನಿಂದ ಸುದ್ದಿ ಬರುತ್ತದೆ. ಗುಡ್ಡ ಬರುವುದಕ್ಕೆ ಕೆಲವು ನಿಮಿಷ ಸಾಕು.

ಕಾಲದ ಲೆಕ್ಕ ಮೊದಲು ತಲೆಯಲ್ಲಿರಲಿ. 2018ರಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದದ್ದು ಆಗಸ್ಟ್ ಮಧ್ಯದಲ್ಲಿ. 2019ರ ತೋರ, 2020ರ ತಲಕಾವೇರಿ ಎರಡೂ ಆಗಸ್ಟ್ ಮೊದಲ ಭಾಗದಲ್ಲಿ. ಅಂಕೋಲಾದ ಶಿರೂರಿನದು 2024ರ ಜುಲೈ 16, ವಯನಾಡಿನದು ಅದೇ ಜುಲೈ 30. ಪುನರ್ವಸುವಿನಿಂದ ಮಘೆಯವರೆಗಿನ ಮಳೆ ಎಂದು ಹಿರಿಯರಿಗೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಆರಿದ್ರಾ ಮಳೆ ಒಣಗಿದ ಮಣ್ಣಿಗೆ ಇಳಿಯುತ್ತದೆ. ಪುಷ್ಯದ ಹೊತ್ತಿಗೆ ಮಣ್ಣು ತುಂಬಿರುತ್ತದೆ. ಅಡಿಯ ಬಂಡೆಗೂ ಮೇಲಿನ ಮಣ್ಣಿಗೂ ನಡುವೆ ನಿಂತ ನೀರು ಮಣ್ಣನ್ನು ಒಳಗಿನಿಂದ ಎತ್ತಿ ಹಿಡಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಜೂನ್‌ನಲ್ಲಿ ಏನೂ ಮಾಡದ ಅದೇ 150 ಮಿಲಿಮೀಟರ್ ಮಳೆ ಆಗಸ್ಟ್‌ನಲ್ಲಿ ಗುಡ್ಡವನ್ನು ಇಳಿಸಬಲ್ಲದು. ಆದ್ದರಿಂದ ಮೊದಲ ಏಳು ಹಂತಗಳು ಜೂನ್ ಒಂದಕ್ಕೆ ಮುಗಿದಿರಬೇಕು.

## ಹಂತ 1: ಗುಡ್ಡ ಹತ್ತಿ ನಕ್ಷೆ ಬರೆಯಿರಿ (ಮಾರ್ಚ್)

ಪಂಚಾಯಿತಿ ಕಚೇರಿಯಲ್ಲಿ ಕೂತು ಬರೆದ ನಕ್ಷೆ ಉಪಯೋಗಕ್ಕೆ ಬಾರದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕುಸಿತ ನಕ್ಷೆಗಳನ್ನು ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. 1:50,000 ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ನಿಮ್ಮ ಮನೆಯ ಹಿಂದಿನ ಬರೆ ಅದರಲ್ಲಿ ಕಾಣುವುದೇ ಇಲ್ಲ.

ಐದಾರು ಜನ ಹೊರಡಿ. ತೋಟದ ಒಳದಾರಿ ಬಲ್ಲ ಒಬ್ಬರು, ಹಳ್ಳದ ಹಳೆಯ ಪಾತ್ರ ನೆನಪಿರುವ ಹಿರಿಯರೊಬ್ಬರು, ನೀರಗಂಟಿ, ಆಶಾ ಕಾರ್ಯಕರ್ತೆ, ಫೋನಿನಲ್ಲಿ ಫೋಟೊ ತೆಗೆದು ಜಾಗ ಗುರುತಿಸುವ ಯುವಕ ಅಥವಾ ಯುವತಿ ಇದ್ದರೆ ಸಾಕು. ಇಷ್ಟನ್ನು ಗುರುತು ಹಾಕಿ:

- ಮನೆ, ರಸ್ತೆ, ಆಟದ ಬಯಲಿಗೆಂದು ನೆಟ್ಟಗೆ ಕಡಿದ ಬರೆಗಳು (ಕರಾವಳಿ, ಶಿವಮೊಗ್ಗದ ಕಡೆ ಧರೆ ಎನ್ನುವುದು ಇದನ್ನೇ) ಮತ್ತು ಪ್ರತಿಯೊಂದರ ಎತ್ತರ
- ಬರೆಯ ಬುಡದಿಂದ ಮನೆ ಗೋಡೆಗೆ ಇರುವ ದೂರ
- ಹಳ್ಳ, ತೋಡು, ಬೇಸಿಗೆಯಲ್ಲಿ ಬತ್ತಿದ ಝರಿಗಳು, ಮೋರಿ, ಕಾಲುಸಂಕ
- ಹಿಂದೆ ಜರಿದ ಜಾಗಗಳು, ಬಾಗಿ ಬೆಳೆದ ಮರಗಳು, ಹಳೆಯ ಬಿರುಕುಗಳು
- ಗುಡ್ಡದ ಮೇಲಿನ ಕೃಷಿ ಹೊಂಡ, ನೀರಿನ ಟ್ಯಾಂಕ್, ಹೊಸದಾಗಿ ಸಮತಟ್ಟು ಮಾಡಿದ ಜಾಗ

ಬರೆಯ ಎತ್ತರಕ್ಕಿಂತ ಮನೆಯ ದೂರ ಕಡಿಮೆ ಇದ್ದರೆ ಆ ಮನೆಗೆ ಕೆಂಪು ಗುರುತು. ಹಳ್ಳದ ಬಾಯಿಯಲ್ಲಿ, ಅಂದರೆ ಹಳ್ಳ ಗುಡ್ಡ ಇಳಿದು ಬಯಲಿಗೆ ತೆರೆದುಕೊಳ್ಳುವ ಕಡೆ ಇರುವ ಮನೆಗಳಿಗೂ ಕೆಂಪು, ಹಿಂದೆ ಬರೆ ಇಲ್ಲದಿದ್ದರೂ ಸರಿ. ವಯನಾಡಿನಲ್ಲಿ ಕಲ್ಲು, ಮಣ್ಣು, ನೀರು ಒಂದಾಗಿ ಹೊಳೆಯ ಪಾತ್ರ ಹಿಡಿದು ಕಿಲೋಮೀಟರುಗಟ್ಟಲೆ ಇಳಿಯಿತು. ಚೂರಲ್‌ಮಲೆಯಲ್ಲಿ ಸತ್ತವರ ಮನೆ ಹಿಂದೆ ಗುಡ್ಡ ಜರಿದಿರಲಿಲ್ಲ.

ಹೊಳೆಯ ಆಚೆ ದಡವನ್ನು ಮರೆಯುವವರೇ ಹೆಚ್ಚು. ಶಿರೂರಿನಲ್ಲಿ ಗುಡ್ಡ ಹೆದ್ದಾರಿ ದಾಟಿ ಗಂಗಾವಳಿಗೆ ಬಿದ್ದಾಗ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ನಿಮ್ಮ ಎದುರಿಗೆ ಹೊಳೆಗೆ ತಾಗಿದ ಕಡಿದಾದ ಗುಡ್ಡ ಇದ್ದರೆ ನಿಮ್ಮ ಮನೆಯೂ ಪಟ್ಟಿಗೆ ಸೇರಬೇಕು.

## ಹಂತ 2: ಮನೆಪಟ್ಟಿ, ಜನ ಲೆಕ್ಕ

10ರಿಂದ 15 ಮನೆಗೆ ಒಂದು ಗುಂಪು, ಗುಂಪಿಗೆ ಇಬ್ಬರು ಹೊಣೆಗಾರರು. ಒಬ್ಬರೇ ಆದರೆ ಅವರು ಮಂಗಳೂರಿಗೋ ಮೈಸೂರಿಗೋ ಹೋದ ದಿನವೇ ಮಳೆ ಬರುತ್ತದೆ. ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ. ಯಾರ ಮನೆಯಲ್ಲಿ ಬಾಣಂತಿ ಇದ್ದಾರೆ, ಯಾರು ನಡೆಯಲಾರರು ಎಂಬುದು ಅವರಿಗೆ ಕೇಳದೆಯೇ ಗೊತ್ತಿರುತ್ತದೆ.

ಪ್ರತಿ ಮನೆಗೆ ಒಂದು ಸಾಲು ಬರೆಯಿರಿ. ರಾತ್ರಿ ಮಲಗುವವರ ಸಂಖ್ಯೆ, ಎತ್ತಿಕೊಂಡೇ ಒಯ್ಯಬೇಕಾದವರು, ಏಳು ತಿಂಗಳು ದಾಟಿದ ಗರ್ಭಿಣಿಯರು, ಡಯಾಲಿಸಿಸ್ ಅಥವಾ ಇನ್ಸುಲಿನ್ ಮೇಲಿರುವವರು, ಕಿವಿ ಕೇಳದವರು, ದನಕರು, ವಾಹನ. ಪಡಿತರ ಚೀಟಿಯಲ್ಲಿರುವ ಹೆಸರುಗಳನ್ನು ನಕಲು ಮಾಡಬೇಡಿ. ಚೀಟಿಯಲ್ಲಿ ಆರು ಜನ ಇದ್ದು ಮನೆಯಲ್ಲಿ ಮೂವರು ಮಲಗುತ್ತಿದ್ದರೆ, ಗುಡ್ಡ ಬಿದ್ದ ದಿನ ಇಲ್ಲದ ಮೂವರನ್ನು ಹುಡುಕುತ್ತಾ ಹೊತ್ತು ಹೋಗುತ್ತದೆ.

ಎಲ್ಲ ಪಟ್ಟಿಗಳಲ್ಲೂ ತಪ್ಪಿಹೋಗುವವರು ಲೈನ್ ಮನೆಯವರು, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರು. ಕಾಫಿ ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕಾರ್ಮಿಕ ಕುಟುಂಬಗಳು ಬಹಳ ಇವೆ. ಅವರ ಹೆಸರು ಮತದಾರರ ಪಟ್ಟಿಯಲ್ಲಿಲ್ಲ, ಕನ್ನಡದ ಮೈಕಿನ ಮಾತು ತಿಳಿಯದು, ಲೈನ್ ಮನೆಗಳಿರುವುದು ಅನೇಕ ಕಡೆ ತೋಟದ ಇಳಿಜಾರಿನ ಕೆಳಗೆ. ತೋಟದ ಮಾಲೀಕರು ಅಥವಾ ರೈಟರ್ (ತೋಟದ ಗುಮಾಸ್ತ) ಜೊತೆ ಕೂತು ಪ್ರತಿ ತಿಂಗಳ ಮೊದಲ ವಾರ ತಲೆ ಎಣಿಸಿ. ಅವರಲ್ಲೇ ಒಬ್ಬರಿಂದ "ಈಗಲೇ ಹೊರಡಿ, ಶಾಲೆಗೆ ಬನ್ನಿ" ಎಂಬ ಮಾತನ್ನು ಅವರ ಭಾಷೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಸಿಟ್ಟುಕೊಳ್ಳಿ. ಹೋಮ್‌ಸ್ಟೇಗಳಲ್ಲಿ ಆ ರಾತ್ರಿ ಎಷ್ಟು ಜನ ತಂಗಿದ್ದಾರೆ ಎಂಬುದನ್ನು ಗುಂಪಿನ ಹೊಣೆಗಾರರಿಗೆ ಸಂಜೆ ಏಳಕ್ಕೆ ತಿಳಿಸುವ ರೂಢಿ ಮಾಡಿ.

ಪಟ್ಟಿಯ ಮೂರು ಪ್ರತಿ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ. ಒಂದು ಗುಂಪಿನ ಹೊಣೆಗಾರರಲ್ಲಿ, ಒಂದು ಗ್ರಾಮ ಆಡಳಿತಾಧಿಕಾರಿಯಲ್ಲಿ, ಒಂದು ಕಾಳಜಿ ಕೇಂದ್ರವಾಗುವ (ಮನೆ ಬಿಟ್ಟವರು ತಂಗುವ) ಕಟ್ಟಡದಲ್ಲಿ ಇರಲಿ. ಫೋನಿನಲ್ಲಿ ಮಾತ್ರ ಇರುವ ಪಟ್ಟಿಯನ್ನು ಇಲ್ಲವೆಂದೇ ಲೆಕ್ಕ ಹಿಡಿಯಿರಿ.

## ಹಂತ 3: ನೀರಿಗೆ ದಾರಿ ಬಿಡಿ (ಏಪ್ರಿಲ್, ಮೇ)

ಬರೆಯ ಮೇಲೆ ಬೀಳುವ ಮಳೆಯನ್ನು ತಡೆಯಲಾಗದು. ಅದರ ಜೊತೆಗೆ ನಾವು ಸೇರಿಸುವ ನೀರನ್ನು ತಡೆಯಬಹುದು.

ಬರೆಯ ತಲೆಯಿಂದ ಎರಡು ಮೂರು ಮೀಟರ್ ಹಿಂದೆ ಅಡ್ಡ ಚರಂಡಿ ತೆಗೆದು ನೀರನ್ನು ಪಕ್ಕದ ಹಳ್ಳಕ್ಕೆ ಸಾಗಿಸಿ. ಇಲ್ಲಿ ಆಗುವ ತಪ್ಪು ದೊಡ್ಡದು. ಬರಿಯ ಮಣ್ಣಿನ ಚರಂಡಿ ತೋಡಿ ಬಿಟ್ಟರೆ ಅದೇ ನೀರನ್ನು ಬರೆಯ ಒಳಕ್ಕೆ ಕುಡಿಸುವ ಬಾಯಿ ಆಗುತ್ತದೆ. ಸಿಮೆಂಟ್ ಆಗದಿದ್ದರೆ ದಪ್ಪ ಟಾರ್ಪಾಲಾದರೂ ಹಾಸಿ, ನೀರು ಎಲ್ಲೂ ನಿಲ್ಲದಂತೆ ಓಟ ಕೊಡಿ.

ಮನೆಗಳ ಮೇಲ್ಭಾಗದ ತೋಟದಲ್ಲಿ ನೀರಿಂಗಿಸಲು ತೋಡಿದ ತೊಟ್ಟಿಲು ಗುಂಡಿ, ಇಂಗುಗುಂಡಿ ಇದ್ದರೆ ಮಳೆಗಾಲಕ್ಕೆ ಮುಚ್ಚಿ. ನೀರಿಂಗಿಸುವುದು ಒಳ್ಳೆಯ ಕೆಲಸ, ಆದರೆ ಕೆಂಪು ಗುರುತಿನ ಮನೆಯ ನೆತ್ತಿಯ ಮೇಲೆ ಅಲ್ಲ. ಗುಡ್ಡದ ಮೇಲಿನ ಕೃಷಿ ಹೊಂಡಕ್ಕೆ ಕೋಡಿ ಇದೆಯೇ, ಆ ಕೋಡಿ ಎಲ್ಲಿಗೆ ಬೀಳುತ್ತದೆ ನೋಡಿ. ತಡೆಗೋಡೆಯ ಬಸಿಗೊಳವೆಗಳಲ್ಲಿ ಕಣಜ ಗೂಡು ಕಟ್ಟಿಯೋ ಮಣ್ಣು ತುಂಬಿಯೋ ಮುಚ್ಚಿರುತ್ತವೆ, ಸರಳು ಹಾಕಿ ಬಿಡಿಸಿ. ನೀರು ಬಸಿಯದ ತಡೆಗೋಡೆ ಮಣ್ಣಿನ ಜೊತೆಗೆ ನೀರಿನ ಭಾರವನ್ನೂ ಹೊತ್ತು ಒಮ್ಮೆಗೇ ಮಗುಚುತ್ತದೆ.

ಮೋರಿಗಳನ್ನು ಮೇ ಕೊನೆಗೆ ಒಮ್ಮೆ, ಜುಲೈ ಮೊದಲ ವಾರ ಇನ್ನೊಮ್ಮೆ ಬಿಡಿಸಿ. ಮೊದಲ ಮಳೆಗೆ ತೊಳೆದು ಬಂದ ದರಗು, ಕಟ್ಟಿಗೆ ತುಂಬುವುದು ಜೂನ್‌ನಲ್ಲೇ.

ಇನ್ನೊಂದು ಮಾತನ್ನು ಜೆಸಿಬಿ ಇರುವವರಿಗೆ ಮುಂಚೆಯೇ ಹೇಳಿಡಿ. ಮಳೆಗಾಲದ ನಡುವೆ ಬರೆಯಿಂದ ಸ್ವಲ್ಪ ಮಣ್ಣು ಬಿದ್ದರೆ ಅದನ್ನು ಬುಡದಿಂದ ಬಗೆದು ತೆಗೆಯಬಾರದು. ಬಿದ್ದ ಮಣ್ಣೇ ಆಗ ಬರೆಗೆ ಒರಗು. ಅಂಗಳ ಚೊಕ್ಕ ಮಾಡಲು ಹೋಗಿ ಇಡೀ ಬರೆಯನ್ನು ಎಳೆದುಕೊಳ್ಳುವುದು ಪ್ರತಿ ವರ್ಷದ ಕಥೆ.

## ಹಂತ 4: ಊರಿಗೊಂದು ಮಳೆ ಮಾಪಕ

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಪಂಚಾಯಿತಿ ಮಟ್ಟದಲ್ಲಿವೆ. ಆದರೆ ಮಲೆನಾಡಿನ ಒಂದು ಪಂಚಾಯಿತಿಯಲ್ಲಿ ಮೂರು ಕಣಿವೆ ಇರಬಹುದು, ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಳೆ ಬೇರೆ. ವಯನಾಡಿನಲ್ಲಿ ಹ್ಯೂಮ್ ಕೇಂದ್ರ ಎಂಬ ಪರಿಸರ ಅಧ್ಯಯನ ಸಂಸ್ಥೆ ರೈತರು, ತೋಟದವರು ಓದಿ ಕಳಿಸುವ ಅಂಕಿಗಳನ್ನು ಕೂಡಿಸಿಯೇ ಮುನ್ನೆಚ್ಚರಿಕೆ ಕೊಡುತ್ತದೆ. ಅದೇ ಕೆಲಸ ಇಲ್ಲಿಯೂ ಆಗುತ್ತದೆ.

ಕಾಫಿ ತೋಟದವರಲ್ಲಿ ಹಿತ್ತಾಳೆ ಮಾಪಕ, ಹಳೆಯ ಮಳೆ ಪುಸ್ತಕ ಇದ್ದೇ ಇರುತ್ತದೆ. ಅವರ ಲೆಕ್ಕ ಇಂಚು, ಸೆಂಟಿನಲ್ಲಿ: 100 ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದೆ. ಎರಡನ್ನೂ ಬೆರೆಸಿ ಗೊಂದಲವಾಗದಂತೆ ಒಂದು ಪರಿವರ್ತನೆ ಚೀಟಿಯನ್ನು ಗೋಡೆಗೆ ಅಂಟಿಸಿ.

ಮಾಪಕ ಇಲ್ಲದ ಊರಿಗೆ ಇದು ಸಾಕು. ಬಾಯಿಯ ಅಡ್ಡಳತೆ ಸರಿಯಾಗಿ 20 ಸೆಂಟಿಮೀಟರ್ ಇರುವ, 10 ಲೀಟರ್ ಹಿಡಿಯುವ ಗಟ್ಟಿ ಡಬ್ಬ ತನ್ನಿ. ಅದರಲ್ಲಿ ಕೂಡಿದ ಪ್ರತಿ ಲೀಟರು ನೀರಿಗೆ ಸುಮಾರು 32 ಮಿಲಿಮೀಟರ್ ಮಳೆ. ಅಳತೆಯ ಲೋಟದಲ್ಲಿ ಅಳೆದು ಗುಣಿಸಿದರಾಯಿತು. ಎರಡು ಲೀಟರಿನ ತಂಪು ಪಾನೀಯದ ಬಾಟಲಿ ಕತ್ತರಿಸಿ ಮಾಡುವ ಮಾಪಕ ಶಾಲೆಯ ಪ್ರಯೋಗಕ್ಕೆ ಚೆಂದ, ಆಶ್ಲೇಷಾ ಮಳೆಗೆ ಅಲ್ಲ. ನಡುರಾತ್ರಿಗೆ ಉಕ್ಕಿ ಹರಿದು, ಬೆಳಗ್ಗೆ ನೋಡುವವರಿಗೆ ಕಡಿಮೆ ಮಳೆಯ ಸುಳ್ಳು ಅಂಕಿ ಕೊಡುತ್ತದೆ.

ಇಡುವ ಜಾಗ: ಹತ್ತಿರದ ಮರ ಅಥವಾ ಮಾಡಿನ ಎತ್ತರದ ಎರಡು ಪಟ್ಟು ದೂರ, ನೆಲದ ನೀರು ಸಿಡಿಯದಷ್ಟು ಮೇಲೆ, ಬಾಯಿ ನೀರುಮಟ್ಟಕ್ಕೆ ಸಮ. ಅಡಿಕೆ ಮರದ ಕೆಳಗೆ ಇಟ್ಟ ಮಾಪಕ ಸೋಗೆಯ ಹನಿಯನ್ನೂ ಎಣಿಸುತ್ತದೆ.

ಪ್ರತಿದಿನ ಬೆಳಗ್ಗೆ 8:30ಕ್ಕೆ ಓದಿ ಬರೆಯಿರಿ. ಹವಾಮಾನ ಇಲಾಖೆಯ ದಿನವೂ ಅಲ್ಲಿಂದಲೇ ಶುರು, ಹೋಲಿಸಲು ಸುಲಭ. ಎಚ್ಚರಿಕೆಯ ದಿನಗಳಲ್ಲಿ ಮೂರು ಗಂಟೆಗೊಮ್ಮೆ ಓದಬೇಕು.

## ಹಂತ 5: "ಬಿಡುವ ಗೆರೆ"ಯನ್ನು ಎಳೆಯಿರಿ

ಇಡೀ ಸಿದ್ಧತೆಯ ಜೀವ ಇಲ್ಲಿದೆ. ಗ್ರಾಮಸಭೆಯಲ್ಲಿ ಇಟ್ಟು, ನಡಾವಳಿಯಲ್ಲಿ ಬರೆಸಿ. ವಿಪತ್ತು ನಿರ್ವಹಣಾ ಕಾಯ್ದೆ 2005ರ 41ನೇ ಸೆಕ್ಷನ್ ಸ್ಥಳೀಯ ಸಂಸ್ಥೆಗಳಿಗೂ ಈ ಕೆಲಸದ ಹೊಣೆ ಹೊರಿಸಿದೆ. ಪಂಚಾಯಿತಿ "ನಮಗೆ ಸಂಬಂಧವಿಲ್ಲ" ಎನ್ನುವಂತಿಲ್ಲ.

ಹವಾಮಾನ ಇಲಾಖೆಯ ಪ್ರಕಾರ 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ ಮೇಲೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ಈ ವರ್ಗಗಳು ದೇಶಕ್ಕೆಲ್ಲ ಒಂದೇ. ನಿಮ್ಮ ಗುಡ್ಡಕ್ಕೆ ಬೇಕಾದ ಗೆರೆ ಬೇರೆ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆಯಲ್ಲಿ 115 ಎಂಬುದು ಜುಲೈ ತಿಂಗಳ ಸಾಮಾನ್ಯ ದಿನ. ಘಟ್ಟದ ಪೂರ್ವಕ್ಕೆ ಇಳಿದ ಊರಲ್ಲಿ ಅಷ್ಟೇ ಮಳೆ ಅಪರೂಪ. ಆದ್ದರಿಂದ ತೋಟದ ಮಳೆ ಪುಸ್ತಕ ತೆಗೆದು ಕಳೆದ ಹತ್ತು ವರ್ಷಗಳಲ್ಲಿ ಪ್ರತಿ ವರ್ಷದ ಅತಿ ಹೆಚ್ಚಿನ ಒಂದು ದಿನದ ಮಳೆ, ಅತಿ ಹೆಚ್ಚಿನ ಮೂರು ದಿನದ ಮೊತ್ತ ಪಟ್ಟಿ ಮಾಡಿ. ಮಣ್ಣು ಕುಸಿದ ವರ್ಷಗಳ ಪಕ್ಕ ಗುರುತು ಹಾಕಿ. ಕುಸಿತ ಶುರುವಾದ ಅಂಕಿಗಿಂತ ಸಾಕಷ್ಟು ಕೆಳಗೆ ನಿಮ್ಮ ಗೆರೆ ಇರಬೇಕು.

ಪುಸ್ತಕ ಸಿಗದ ಊರು ಈ ಅಂಕಿಗಳಿಂದ ಶುರು ಮಾಡಬಹುದು. ಇವು ಸರ್ಕಾರದ ಮಿತಿಗಳಲ್ಲ, ಮೊದಲ ವರ್ಷಕ್ಕೆ ಕೆಲಸಕ್ಕೆ ಬರುವ ಅಂಕಿಗಳು:

1. ಎಚ್ಚರದ ಗೆರೆ: 24 ಗಂಟೆಯಲ್ಲಿ 115 ಮಿಲಿಮೀಟರ್, ಅಥವಾ ಜಿಲ್ಲೆಗೆ ಕಿತ್ತಳೆ ಎಚ್ಚರಿಕೆ. ಮೂರು ಗಂಟೆಗೊಮ್ಮೆ ಓದು, ಗಸ್ತು ಶುರು, ಎತ್ತಿ ಒಯ್ಯಬೇಕಾದವರು ಮತ್ತು ಗರ್ಭಿಣಿಯರು ಆಗಲೇ ಸ್ಥಳಾಂತರ.
2. ಬಿಡುವ ಗೆರೆ: 24 ಗಂಟೆಯಲ್ಲಿ 200, ಅಥವಾ ಮೂರು ದಿನ ಸೇರಿ 400, ಅಥವಾ ಒಂದು ಗಂಟೆಯಲ್ಲಿ 50. ಕೆಂಪು ಗುರುತಿನ ಮನೆಗಳೆಲ್ಲ ಖಾಲಿ.
3. ಕುರುಹಿನ ಗೆರೆ: ಹಂತ 8ರಲ್ಲಿ ಹೇಳುವ ಕುರುಹು ಒಂದು ಕಂಡರೂ ಸಾಕು, ಅಂಕಿ ಎಷ್ಟೇ ಇರಲಿ ಹೊರಡುವುದು.

ಇದಕ್ಕೆ ಹೊತ್ತಿನ ಷರತ್ತು ಸೇರಿಸಿ. ಸಂಜೆ ನಾಲ್ಕರ ಓದು ಬಿಡುವ ಗೆರೆಯ ಮುಕ್ಕಾಲು ಪಾಲು ಮುಟ್ಟಿದ್ದು, ಮಳೆ ನಿಲ್ಲುವ ಲಕ್ಷಣ ಇಲ್ಲದಿದ್ದರೆ ದೀಪ ಹಚ್ಚುವ ಮುಂಚೆಯೇ ಹೊರಡಬೇಕು. ವಯನಾಡಿನಲ್ಲಿ ಮೊದಲ ಕುಸಿತ ನಡುರಾತ್ರಿ ದಾಟಿದ ಮೇಲೆ ಆದದ್ದು.

ಆಜ್ಞೆ ಕೊಡುವವರು ಮೂವರು, ಹೆಸರಿಟ್ಟು ಬರೆದಿರಲಿ. ಆ ಮೂವರಲ್ಲಿ ಯಾರಾದರೂ ಒಬ್ಬರು ಹೇಳಿದರೆ ಸಾಕು ಎಂಬುದೂ ಬರೆದಿರಲಿ. ಮೂವರೂ ಒಪ್ಪಬೇಕೆಂದರೆ ಮತ್ತೆ ಹಳೆಯ ಕಥೆಯೇ.

ಹೊರಟ ಮೇಲೆ ಗುಡ್ಡ ಜರಿಯದೇ ಇರಬಹುದು, ಹಾಗೆ ಹೆಚ್ಚು ಸಲ ಆಗುತ್ತದೆ. ವರ್ಷಕ್ಕೆ ನಾಲ್ಕೈದು ರಾತ್ರಿ ಶಾಲೆಯಲ್ಲಿ ಮಲಗುವುದು ಈ ನೆಲದಲ್ಲಿ ಬಾಳುವುದರ ಖರ್ಚು ಎಂದು ಗ್ರಾಮಸಭೆಯಲ್ಲೇ ಒಪ್ಪಿಸಿ. ಆಜ್ಞೆ ಕೊಟ್ಟವರನ್ನು ಮರುದಿನ ಆಡಿಕೊಳ್ಳುವ ಊರಲ್ಲಿ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

## ಹಂತ 6: ಸುದ್ದಿ, ದಾರಿ, ತಂಗುವ ಜಾಗ

ಸುದ್ದಿ. ವಿದ್ಯುತ್ ಹೋದ ಕೆಲವು ಗಂಟೆಗಳಲ್ಲಿ ಮೊಬೈಲ್ ಟವರ್ ಬ್ಯಾಟರಿಯೂ ಮುಗಿಯುತ್ತದೆ. ವಾಟ್ಸಾಪ್ ಗುಂಪು ಹಗಲಿನ ಸುದ್ದಿಗೆ ಸರಿ, ಮನೆ ಬಿಡುವ ಆಜ್ಞೆಗೆ ಅಲ್ಲ. ಕೈಯಿಂದ ತಿರುಗಿಸುವ ಸೈರನ್, ಬ್ಯಾಟರಿಯ ಮೆಗಾಫೋನ್, ಗುಂಪಿಗೆರಡು ಪೀಪಿ ಇರಲಿ. ದೇವಸ್ಥಾನ, ಮಸೀದಿ, ಚರ್ಚಿನ ಮೈಕುಗಳಿಗೆ ಇನ್ವರ್ಟರ್ ಇದೆಯೇ ನೋಡಿ, ಕೀಲಿ ಯಾರಲ್ಲಿದೆ ಬರೆದುಕೊಳ್ಳಿ.

ಸಂಕೇತವಾಗಿ ಆರಿಸುವ ಶಬ್ದ ಬೇರೆ ಯಾವುದಕ್ಕೂ ಬಳಕೆಯಾಗಿರಬಾರದು. ಶ್ರಾವಣದಲ್ಲಿ ಗುಡಿಯ ಗಂಟೆ ಹೇಗೂ ಬಾರಿಸುತ್ತದೆ. ಕೊಡಗಿನಲ್ಲಿ ಕೋವಿಯ ಜೋಡಿ ಗುಂಡು ಸಾವಿನ ಸುದ್ದಿ, ಅದನ್ನು ಕೇಳಿದವರು ಆ ಮನೆಯ ಕಡೆಗೇ ಓಡಿ ಬರುತ್ತಾರೆ. ಮಳೆಯ ಸದ್ದಿನಲ್ಲಿ ಹಂಚಿನ ಮನೆಯೊಳಗೆ ಮಲಗಿದವರಿಗೆ ಸೈರನ್ ಕೇಳದಿರಬಹುದು. ಸದ್ದು ಮಾಡಿದ ಮೇಲೂ ಗುಂಪಿನ ಹೊಣೆಗಾರರು ಕದ ತಟ್ಟಿ, ಹೊರಗೆ ಬಂದವರ ತಲೆ ಎಣಿಸಲೇಬೇಕು.

ದಾರಿ. ಹಳ್ಳ ದಾಟದ, ಬರೆಯ ಬುಡದಲ್ಲಿ ಸಾಗದ, ಸಾಧ್ಯವಾದರೆ ದಿಬ್ಬದ ಬೆನ್ನ ಮೇಲೆ ಹೋಗುವ ಕಾಲುದಾರಿ ಆರಿಸಿ. ಡಾಂಬರು ರಸ್ತೆ ಹತ್ತಿರವಾದರೂ ಅದರ ಒಂದು ಮಗ್ಗುಲು ಯಾವಾಗಲೂ ಕಡಿದ ಬರೆ. ಕಾಲುಸಂಕದ ಆಚೆ ಇರುವ ಮನೆಗಳಿಗೆ ಆಚೆಯೇ ಒಂದು ತಂಗುವ ಮನೆ ಗೊತ್ತು ಮಾಡಿ. ಮರಗಳಿಗೆ ಹೊಳೆಯುವ ಬಣ್ಣದ ಪಟ್ಟಿ ಕಟ್ಟಿ.

ಕಾಳಜಿ ಕೇಂದ್ರ. ಹೆಚ್ಚಿನ ಕಡೆ ಶಾಲೆಯೇ. ಆದರೆ ಶಾಲೆಯ ಮೈದಾನವನ್ನೇ ಗುಡ್ಡ ಕಡಿದು ಮಾಡಿರುತ್ತಾರೆ. ಹಿಂದೆ ಬರೆ, ಪಕ್ಕ ಹಳ್ಳ ಇದ್ದರೆ ಬೇಡ, ಕಲ್ಯಾಣ ಮಂಟಪವೋ ಸೊಸೈಟಿ ಕಟ್ಟಡವೋ ನೋಡಿ. ತಲೆಗೆ 3.5 ಚದರ ಮೀಟರ್ ಜಾಗ, ದಿನಕ್ಕೆ 15 ಲೀಟರ್ ನೀರು, 20 ಜನಕ್ಕೆ ಒಂದು ಶೌಚಾಲಯ ಎಂಬುದು ಒಪ್ಪಿತ ಅಳತೆ. 60 ಜನಕ್ಕೆ 210 ಚದರ ಮೀಟರ್, 900 ಲೀಟರ್, ಮೂರು ಶೌಚಾಲಯ. ಹೆಂಗಸರಿಗೆ ಬೇರೆ ಕೋಣೆ, ಒಳಗಿನಿಂದ ಚಿಲಕ, ಶೌಚಾಲಯದ ದಾರಿಗೆ ಬೆಳಕು ಇಲ್ಲದಿದ್ದರೆ ಅವರು ಬರಲು ಒಪ್ಪುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ದನ ಕಟ್ಟಲು ಜಾಗ ಇಲ್ಲದಿದ್ದರೆ ಯಜಮಾನರು ಮನೆಯಲ್ಲೇ ಉಳಿಯುತ್ತಾರೆ. ಕೊಟ್ಟಿಗೆ ಎಲ್ಲಿ, ಹುಲ್ಲು ಯಾರದು ಎಂಬುದು ಮೇ ತಿಂಗಳಲ್ಲೇ ತೀರ್ಮಾನವಾಗಲಿ.

ಕಟ್ಟಡದ ಬಾವಿ ಕದಡಿದರೆ ಮಣ್ಣು ಇಳಿಯಲು ಬಿಟ್ಟು, 1000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪುಡಿ ಹಾಕಿ, ಒಂದು ಗಂಟೆ ಬಿಟ್ಟು ಸೇದಿ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 28,000 ಲೀಟರ್ ಇರುತ್ತದೆ, 70 ಗ್ರಾಂ ಬೇಕು. ಪುಡಿಯನ್ನು ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಇಳಿಸಬೇಕು. ಕಳೆದ ವರ್ಷದ ತೆರೆದ ಚೀಲದ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ.

ಸಲಕರಣೆ. 30 ಮೀಟರಿನ ನೈಲಾನ್ ಹಗ್ಗ ಎರಡು, ಹಾರೆ, ಗುದ್ದಲಿ, ಪಿಕಾಸಿ, ಮರ ಕೊಯ್ಯುವ ಯಂತ್ರ ಮತ್ತು ಅದರ ಪೆಟ್ರೋಲು, ತಲೆಗೆ ಕಟ್ಟುವ ಟಾರ್ಚ್ ಹತ್ತು, ಗಮ್‌ಬೂಟು, ಎರಡು ಬಿದಿರು ಗಳ ಮತ್ತು ಗೋಣಿಚೀಲದ ಸ್ಟ್ರೆಚರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಇದನ್ನೆಲ್ಲ ಕಾಳಜಿ ಕೇಂದ್ರದಲ್ಲಿ ಇಡಿ, ಎರಡು ಕೀಲಿ ಇಬ್ಬರ ಕೈಯಲ್ಲಿರಲಿ.

ಮನೆಯವರು ತರಬೇಕಾದದ್ದು ಒಂದು ಚೀಲ ಮಾತ್ರ. ಪಹಣಿ, ಆಧಾರ್, ಪಾಸ್‌ಬುಕ್, ಪಡಿತರ ಚೀಟಿ ಪ್ಲಾಸ್ಟಿಕ್ಕಿನಲ್ಲಿ, ಒಂದು ವಾರದ ಔಷಧ, ಬಟ್ಟೆ, ಟಾರ್ಚ್. ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲ ಬಳಿ ತೂಗಿರಬೇಕು.

## ಹಂತ 7: ಕತ್ತಲಲ್ಲಿ ಒಮ್ಮೆ ನಡೆದು ನೋಡಿ

ಹಗಲು ಹತ್ತು ಗಂಟೆಗೆ, ಅತಿಥಿಗಳ ಭಾಷಣದ ಜೊತೆ ನಡೆಯುವ ಅಣಕು ಪ್ರದರ್ಶನದಿಂದ ಏನೂ ತಿಳಿಯದು. ಮೇ ಕೊನೆಯ ವಾರ ಸಂಜೆ ಏಳೂವರೆಗೆ, ವಿದ್ಯುತ್ ಆರಿಸಿ, ಫೋನ್ ಬಳಸದೆ ಮಾಡಿ. ಸೈರನ್ ಕೂಗಿದ ಕ್ಷಣದಿಂದ ಕೊನೆಯವರು ಕೇಂದ್ರ ಮುಟ್ಟಿ ಎಣಿಕೆ ಸರಿಹೋಗುವವರೆಗೆ ಗಡಿಯಾರ ಓಡಲಿ. ಮಳೆಯ ದಿನಕ್ಕೆ ಅದರ ಎರಡರಷ್ಟು ಹೊತ್ತು ಹಿಡಿಯಿರಿ. ಅಜ್ಜಿಯನ್ನು ಸ್ಟ್ರೆಚರಿನಲ್ಲಿ ನಿಜವಾಗಿ ಹೊತ್ತು ನೋಡಿ. ನಾಲ್ಕು ಜನ ಸಾಲದು, ಇಳಿಜಾರಿನಲ್ಲಿ ಆರು ಜನ ಬೇಕು, ಇನ್ನಿಬ್ಬರು ಬದಲಿಗೆ ಎಂಬುದು ಆಗ ಗೊತ್ತಾಗುತ್ತದೆ.

## ಹಂತ 8: ಮಳೆಗಾಲದ ಗಸ್ತು ಮತ್ತು ಕುರುಹುಗಳು

ಇಬ್ಬಿಬ್ಬರಂತೆ, ಹಗಲಲ್ಲಿ ಮಾತ್ರ, ಬರೆಯ ಬುಡದಲ್ಲಿ ನಿಲ್ಲದೆ ನೋಡಿ ಬನ್ನಿ.

ಬಿರುಕು ಕಂಡರೆ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ಅಳೆದು ದಿನಾಂಕದೊಂದಿಗೆ ಬರೆಯಿರಿ. ಬೆಳಗ್ಗೆ, ಸಂಜೆ ಮತ್ತೆ ಅಳೆಯಿರಿ. ಬಿರುಕಿಗೆ ಜಿಗಟು ಮಣ್ಣು ತುಂಬಿ ಟಾರ್ಪಾಲು ಮುಚ್ಚಿದರೆ ನೀರು ಇಳಿಯುವುದು ಕಡಿಮೆಯಾಗುತ್ತದೆ, ಅಪಾಯ ಹೋಗುವುದಿಲ್ಲ. ಅಗಲ ಎಷ್ಟು ಎಂಬುದಕ್ಕಿಂತ ಎಷ್ಟು ಬೇಗ ಬೆಳೆಯುತ್ತಿದೆ ಎಂಬುದನ್ನು ನೋಡಿ. ನಿನ್ನೆ 2 ಮಿಲಿಮೀಟರ್, ಇಂದು ಬೆಳಗ್ಗೆ 5, ಸಂಜೆಗೆ 12 ಎಂದಾದರೆ ಇನ್ನೊಂದು ಅಳತೆಗೆ ಕಾಯಬೇಡಿ. ಮನೆಯ ಗೋಡೆಯ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ದಿನಾಂಕ ಬರೆದಿಡಿ.

ತಡಮಾಡದೆ ಮನೆ ಬಿಡಬೇಕಾದ ಕುರುಹುಗಳು:

- ಬರೆಯ ಬುಡದಲ್ಲಿ ಹಿಂದೆ ಇಲ್ಲದ ಕಡೆ ಒರತೆ ಏಳುವುದು, ತಿಳಿಯಾಗಿದ್ದ ಒರತೆ ಕೆಂಪಾಗುವುದು
- ನಿನ್ನೆ ಸಲೀಸಾಗಿದ್ದ ಬಾಗಿಲು, ಕಿಟಕಿ ಇಂದು ಸಿಕ್ಕಿಕೊಳ್ಳುವುದು, ನೆಲ ಉಬ್ಬುವುದು
- ಮರ, ವಿದ್ಯುತ್ ಕಂಬ, ಬೇಲಿ ವಾಲುವುದು, ತಂತಿ ಬಿಗಿಯಾಗುವುದು
- ಸಣ್ಣ ಕಲ್ಲು ಬಿಡದೆ ಉದುರುವುದು, ಬೇರು ಹರಿಯುವ ಸದ್ದು, ಮೇಲಿನಿಂದ ಗುಡುಗಿನಂಥ ಆದರೆ ನಿಲ್ಲದ ಸದ್ದು
- ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ಒಮ್ಮೆಗೇ ತಗ್ಗುವುದು

ಕೊನೆಯದನ್ನು ಜನ ಸಮಾಧಾನದ ಸುದ್ದಿ ಎಂದು ತಿಳಿಯುತ್ತಾರೆ. ನೀರು ತಗ್ಗಿದ್ದರೆ ಮೇಲೆಲ್ಲೋ ಮಣ್ಣು, ಮರ ಬಿದ್ದು ಹಳ್ಳ ಕಟ್ಟಿಕೊಂಡಿದೆ ಎಂದರ್ಥ. ಆ ಕಟ್ಟು ಒಡೆದಾಗ ಬರುವುದು ನೀರಲ್ಲ, ಗುಡ್ಡವೇ. ಮೀನು ಹಿಡಿಯಲು ಹಳ್ಳಕ್ಕೆ ಇಳಿದ ಮಕ್ಕಳನ್ನು ಮೊದಲು ಮೇಲೆ ಕರೆಯಿರಿ.

## ಹಂತ 9: ಜರಿದ ಮೇಲೆ, ಮೊದಲ ಗಂಟೆ

ಓಡಿ ಹೋಗಿ ಮಣ್ಣು ಬಗೆಯಬೇಕು ಎನಿಸುತ್ತದೆ. ಒಂದೆರಡು ನಿಮಿಷ ತಡೆಯಿರಿ. ವಯನಾಡಿನಲ್ಲಿ ಮೊದಲ ಕುಸಿತವಾದ ಕೆಲವೇ ಗಂಟೆಗಳಲ್ಲಿ ಇನ್ನೊಂದು ಇಳಿಯಿತು.

1. ಮೇಲಿನ ಇಳಿಜಾರು ಕಾಣುವ ಸುರಕ್ಷಿತ ಜಾಗದಲ್ಲಿ ಪೀಪಿ ಹಿಡಿದ ಒಬ್ಬರನ್ನು ನಿಲ್ಲಿಸಿ. ಅವರ ಕೆಲಸ ಗುಡ್ಡ ನೋಡುವುದಷ್ಟೇ. ಪೀಪಿ ಊದಿದರೆ ಎಲ್ಲರೂ ಹರಿವಿಗೆ ಅಡ್ಡವಾಗಿ, ಪಕ್ಕದ ದಿಬ್ಬಕ್ಕೆ ಓಡಬೇಕು. ಇಳಿಜಾರಿನ ಕೆಳಕ್ಕೆ ಓಡಬಾರದು.
2. 112ಕ್ಕೆ, ಜಿಲ್ಲಾ ತುರ್ತು ಕೇಂದ್ರದ 1077ಕ್ಕೆ ಕರೆ. ಸಿಗ್ನಲ್ ಇರುವ ಜಾಗಕ್ಕೆ ಒಬ್ಬರನ್ನು ಕಳಿಸಿ. ಊರು, ಹತ್ತಿರದ ಗುರುತು, ಸಿಲುಕಿರುವವರ ಸಂಖ್ಯೆ, ಯಾವ ರಸ್ತೆ ತೆರೆದಿದೆ ಎಂದು ಹೇಳಲಿ.
3. ಲೈನ್‌ಮ್ಯಾನ್‌ಗೆ ಹೇಳಿ ವಿದ್ಯುತ್ ಕಡಿಸಿ. ಹರಿದ ತಂತಿ ಸತ್ತಿದೆ ಎಂದು ಯಾರೂ ತಾವೇ ತೀರ್ಮಾನಿಸಬಾರದು. ಅಡುಗೆ ಅನಿಲದ ವಾಸನೆ ಇದ್ದರೆ ಬೆಂಕಿ, ಬೀಡಿ ಬೇಡ.
4. ಮನೆಪಟ್ಟಿ ಹಿಡಿದು ತಲೆ ಎಣಿಸಿ. ಸಿಗದವರು ಕೊನೆಗೆ ಎಲ್ಲಿ ಕಂಡರು, ಮನೆಯ ಯಾವ ಕೋಣೆಯಲ್ಲಿ ಮಲಗುತ್ತಿದ್ದರು ಬರೆದುಕೊಳ್ಳಿ. ರಕ್ಷಣಾ ತಂಡ ಮೊದಲು ಕೇಳುವುದು ಇದನ್ನೇ.
5. ಹತ್ತು ನಿಮಿಷಕ್ಕೊಮ್ಮೆ ಎಲ್ಲ ಸದ್ದು ನಿಲ್ಲಿಸಿ ಕರೆದು ಆಲಿಸಿ.
6. ಮೇಲ್ಮೈಯಲ್ಲಿ ಕಾಣುವವರನ್ನು ಕೈಯಿಂದ ಬಿಡಿಸಿ. ಮನುಷ್ಯರು ಇರಬಹುದಾದ ಕಡೆ ಜೆಸಿಬಿಯ ಬಕೆಟ್ ಇಳಿಸಬೇಡಿ. ಹರಿಯುತ್ತಿರುವ ಕೆಸರಿಗೆ ಹಗ್ಗ ಕಟ್ಟಿಕೊಂಡೂ ಇಳಿಯಬೇಡಿ.
7. ರಸ್ತೆಗೆ ಇಬ್ಬರನ್ನು ನಿಲ್ಲಿಸಿ, ನೋಡಲು ಬರುವ ವಾಹನಗಳನ್ನು ಒಂದು ಕಿಲೋಮೀಟರ್ ಹಿಂದೆಯೇ ತಡೆಯಿರಿ. ಆಂಬುಲೆನ್ಸ್ ಸಿಕ್ಕಿಬೀಳುವುದು ಮಣ್ಣಿನಲ್ಲಿ ಅಲ್ಲ, ನಿಂತ ಬೈಕುಗಳ ನಡುವೆ.

## ಹಂತ 10: ಮನೆಗೆ ಮರಳುವುದು

ಬಿಸಿಲು ಬಂದ ದಿನವೇ ದನಕ್ಕೆ ಹುಲ್ಲು ಹಾಕಲು, ಅಡಿಕೆ ಗೊನೆ ನೋಡಲು ಎಂದು ಹೊರಡುತ್ತಾರೆ. ಮಳೆ ನಿಂತರೂ ಮಣ್ಣೊಳಗಿನ ನೀರು ಇಳಿಯಲು ದಿನಗಳು ಹಿಡಿಯುತ್ತವೆ. ಬಿಡುವ ಗೆರೆಯಿಂದ ಹೊರಟವರು, ಮಳೆ ಎಚ್ಚರದ ಗೆರೆಗಿಂತ ಕೆಳಗೆ ಬಂದು ಕನಿಷ್ಠ 48 ಗಂಟೆ ಕಳೆದು, ಗಸ್ತಿನವರು ಹೊಸ ಬಿರುಕು ಇಲ್ಲವೆಂದ ಮೇಲೆ ಮರಳಲಿ. ಕುರುಹು ಕಂಡು ಹೊರಟವರು ಭೂವಿಜ್ಞಾನಿಗಳು ಅಥವಾ ತಹಶೀಲ್ದಾರರ ತಂಡ ನೋಡಿ ಹೇಳುವವರೆಗೆ ಮರಳಬಾರದು. ದನಕ್ಕೆ ಹುಲ್ಲು ಹಾಕಲು ಹಗಲಲ್ಲಿ ಇಬ್ಬರು, ಅರ್ಧ ಗಂಟೆಯ ಮಿತಿಯೊಂದಿಗೆ, ಹೆಸರು ಬರೆಸಿ ಹೋಗಿ ಬರಲಿ.

ಹಾನಿಯಾದ ಮನೆ, ತೋಟದ ಫೋಟೊಗಳನ್ನು ಚೊಕ್ಕ ಮಾಡುವ ಮುಂಚೆಯೇ ತೆಗೆಯಿರಿ, ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ಕೆಸರು ತೆಗೆಯುವವರು ಗಮ್‌ಬೂಟು ಹಾಕಲೇಬೇಕು, ಕಾಲಿನ ಗಾಯ ಮುಚ್ಚಿರಬೇಕು. ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರದ ಅನುಮಾನ ಹೇಳಿ ವೈದ್ಯರಿಗೆ ತೋರಿಸಿ.

ಮಳೆಗಾಲ ಮುಗಿದ ಮೇಲೆ, ಕಾಫಿ ಕೊಯ್ಲಿಗೆ ಮುಂಚೆ, ಮಳೆ ಪುಸ್ತಕ ಮತ್ತು ಬಿರುಕಿನ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ಕೂರಿ. ಯಾವ ದಿನ ಎಷ್ಟು ಮಳೆಗೆ ಎಲ್ಲಿ ಮಣ್ಣು ಅಲುಗಿತು ನೋಡಿ, ಬಿಡುವ ಗೆರೆಯನ್ನು ಮೇಲಕ್ಕೋ ಕೆಳಕ್ಕೋ ಸರಿಸಿ, ಹೊಸ ಅಂಕಿಯನ್ನು ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ.